89 ರೂಪಾಯಿಯ ಚಾದರ, 50 ಶೆಕೆಲಿನ ಕಣ

ಹಿಂದೆ ಕೂತಿರೋ ಯೌವನಸ್ಥರು ಸ್ವಲ್ಪ ಮುಂದೆ ಬನ್ನಿ, ಮುಂದಿನ ಸೀಟಿಗೆ ಎಕ್ಸ್‌ಟ್ರಾ ಚಾರ್ಜ್ ಇಲ್ಲ. ಆಮೆನ್?

ಇವತ್ತಿನ ವಾಕ್ಯಭಾಗ 2 ಸಮುವೇಲ 24ನೇ ಅಧ್ಯಾಯ, 18ರಿಂದ 25ನೇ ವಚನದವರೆಗೆ. ಬೈಬಲ್ ತೆರೆದಿಟ್ಟುಕೊಳ್ಳಿ. ಫೋನಲ್ಲಿ ಓದುವವರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ. ಯಾಕೆ ಅಂತ ಇನ್ನು ಐದು ನಿಮಿಷದಲ್ಲಿ ಗೊತ್ತಾಗುತ್ತೆ.

ವಾಕ್ಯಕ್ಕೆ ಹೋಗೋದಕ್ಕೆ ಮುಂಚೆ ಒಂದು ಅರಿಕೆ ಮಾಡಬೇಕು. ಕಳೆದ ತಿಂಗಳು ನನ್ನ ಹೆಂಡತಿ ಮನೆಯ ಅಟ್ಟ ಕ್ಲೀನ್ ಮಾಡಿದಳು. ಅಲ್ಲಿಂದ ಏನೇನು ಇಳೀತು ಗೊತ್ತಾ? ಮೂರು ಪವರ್ ಬ್ಯಾಂಕ್. ಹನ್ನೊಂದು ಫೋನ್ ಕವರ್, ಅದರಲ್ಲಿ ನಾಲ್ಕು ನಮ್ಮ ಮನೇಲಿ ಯಾರ ಹತ್ರಾನೂ ಇಲ್ಲದ ಫೋನಿನದು. ಕಾರಿನಲ್ಲಿ ಮೊಬೈಲ್ ಇಡೋ ಹೋಲ್ಡರ್ ಎರಡು, ನಮಗೆ ಕಾರೇ ಇಲ್ಲ. ಕೊನೆಗೆ ನಾಯಿ ಕಟ್ಟೋ ಬೆಲ್ಟ್ ಒಂದು. ಅವಳು ಅದನ್ನ ಕೈಯಲ್ಲಿ ಹಿಡ್ಕೊಂಡು ಬಂದು ಕೇಳಿದಳು: "ರೀ, ನಾಯಿ ಯಾವಾಗ ಬರುತ್ತೆ?"

ನಗಬೇಡಿ. ನಿಮ್ಮಲ್ಲಿ ಅರ್ಧ ಜನ ನನ್ನ ಜೊತೆ ಅದೇ ಗ್ರೂಪುಗಳಲ್ಲಿ ಇದ್ದೀರಿ.

ಗೊತ್ತಿಲ್ಲದ ಅಮ್ಮಂದಿರಿಗೆ ಬಿಡಿಸಿ ಹೇಳ್ತೀನಿ. ಆನ್‌ಲೈನ್‌ನಲ್ಲಿ ಅತೀ ಕಡಿಮೆ ಬೆಲೆಗೆ ಸಿಗೋ ಸಾಮಾನು ಹುಡುಕೋದೇ ಒಂದು ಹವ್ಯಾಸ. ಟೆಲಿಗ್ರಾಮ್‌ನಲ್ಲಿ, ವಾಟ್ಸಾಪ್‌ನಲ್ಲಿ ಇದಕ್ಕೇ ಗ್ರೂಪುಗಳಿವೆ. ಎಲ್ಲೋ ಒಬ್ಬ ಮಾರಾಟಗಾರ ಬೆಲೆ ಹಾಕುವಾಗ ಒಂದು ಸೊನ್ನೆ ಬಿಟ್ಟರೆ ಸಾಕು, ಎರಡೇ ನಿಮಿಷದಲ್ಲಿ ಲಿಂಕ್ ಬರುತ್ತೆ. ಅದು 'ಪ್ರೈಸ್ ಎರರ್'. ಕೂಪನ್ ಮೇಲೆ ಕೂಪನ್, ಅದರ ಮೇಲೆ ಬ್ಯಾಂಕ್ ಕಾರ್ಡಿನ ಆಫರ್, ಅದರ ಮೇಲೆ ಕ್ಯಾಶ್‌ಬ್ಯಾಕ್ ಜೋಡಿಸಿ ಸಾವಿರದ ವಸ್ತುವನ್ನ ನೂರಕ್ಕೆ ಇಳಿಸೋದು ಇನ್ನೊಂದು ದಾರಿ. ಹೊಸ ಗ್ರಾಹಕರಿಗೆ ಒಂದು ರೂಪಾಯಿ ಅಂದರೆ ಮನೆಯವರ ನಂಬರಿನಲ್ಲೆಲ್ಲ ಹೊಸ ಅಕೌಂಟ್. ಒಬ್ಬ ತಮ್ಮ ನನ್ನ ಹತ್ರ ಬಂದು ಒಪ್ಕೊಂಡ, ಅವನ ಅಜ್ಜಿ ಹೆಸರಲ್ಲೂ ಅಕೌಂಟ್ ಇದೆಯಂತೆ. ಅಜ್ಜಿ ಕರ್ತನಲ್ಲಿ ನಿದ್ರೆ ಹೋಗಿ ಎರಡು ವರ್ಷ ಆಯ್ತು. ಆದರೆ ಆ ಆ್ಯಪಿಗೆ ಅವರು ಈಗಲೂ ಹೊಸ ಗ್ರಾಹಕರು!

ಇದಕ್ಕೆಲ್ಲ ಸೇರಿ ನಾವೇ ಒಂದು ಹೆಸರು ಇಟ್ಟಿದ್ದೀವಿ: ಲೂಟ್ ಡೀಲ್. ಲೂಟ್ ಅಂದರೆ ಲೂಟಿ. ಬೇರೆ ಯಾರೂ ನಮ್ಮ ಮೇಲೆ ಆರೋಪ ಹೊರಿಸಬೇಕಾಗಿಲ್ಲ, ಹೆಸರು ನಾವೇ ಇಟ್ಟುಕೊಂಡಿದ್ದೀವಿ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಕಡಿಮೆ ಬೆಲೆಗೆ ಕೊಳ್ಳೋದು ಪಾಪ ಅಂತ ನಾನು ಪ್ರಸಂಗ ಮಾಡ್ತಾ ಇಲ್ಲ. ನಮ್ಮ ಅಮ್ಮ ಕೆ.ಆರ್. ಮಾರ್ಕೆಟ್‌ಗೆ ಬೆಳಿಗ್ಗೆ ಆರಕ್ಕೇ ಹೋಗಿ, ನಾಲ್ಕು ಕಡೆ ವಿಚಾರಿಸಿ, ಬಸ್ಸಲ್ಲಿ ಚೀಲ ಹೊತ್ಕೊಂಡು ಬಂದು ನಮ್ಮನ್ನ ಓದಿಸಿದ್ದು. ಜ್ಞಾನೋಕ್ತಿಗಳು 31ರಲ್ಲಿರುವ ಗುಣವತಿಯಾದ ಸ್ತ್ರೀ ಕೂಡ ಯೋಚಿಸಿ ನೋಡಿಯೇ ಹೊಲ ಕೊಳ್ಳುತ್ತಾಳೆ. ಪಿಜಿಯಲ್ಲಿ ಇದ್ದುಕೊಂಡು, ಸಂಬಳದಲ್ಲಿ ಅರ್ಧ ಊರಿಗೆ ಕಳಿಸೋ ಮಕ್ಕಳು ಇಲ್ಲಿದ್ದೀರಿ. ನೀವು ಬೆಲೆ ಹೋಲಿಸಿ ಕೊಳ್ಳಲೇಬೇಕು, ಅದು ವಿವೇಕ. ಅಮ್ಮನಿಗೆ ಮೊದಲು ಅಗತ್ಯ ಇತ್ತು, ಆಮೇಲೆ ಬೆಲೆ ಹುಡುಕಿದರು. ನನಗೆ ಮೊದಲು ಬೆಲೆ ಸಿಕ್ಕಿತು, ಆಮೇಲೆ ಅಗತ್ಯ ಹುಡುಕಿದೆ. ನಾಯಿ ಬೆಲ್ಟ್ ಬಂದಿದ್ದು ಹೀಗೆ.

ಈಗ ಚಾದರದ ಕಥೆ. ಕಳೆದ ವರ್ಷ ಒಂದು ರಾತ್ರಿ ಹನ್ನೊಂದೂವರೆಗೆ ಗ್ರೂಪಿನಲ್ಲಿ ಲಿಂಕ್ ಬಂತು. ಸೊಲ್ಲಾಪುರದ ಚಾದರ, 890 ರೂಪಾಯಿಯದು, 89ಕ್ಕೆ. ಸೊಲ್ಲಾಪುರ ಚಾದರ ಅಂದರೆ ನಿಮಗೆ ಗೊತ್ತಲ್ಲ, ವರ್ಷಗಟ್ಟಲೆ ಬಾಳಿಕೆ ಬರೋದು. ಇದು ತಪ್ಪಿ ಬಿದ್ದ ಬೆಲೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ನಾಲ್ಕು ಆರ್ಡರ್ ಮಾಡಿದೆ, ಲಿಂಕನ್ನ ಇನ್ನೂ ಎರಡು ಗ್ರೂಪಿಗೆ ಕಳಿಸಿದೆ.

ಮರುದಿನ ಮಧ್ಯಾಹ್ನ ಒಂದು ಫೋನ್ ಬಂತು. ವಯಸ್ಸಾದವರ ದನಿ, ಆ ಕಡೆಯ ಕನ್ನಡ. "ನಮಸ್ಕಾರ್ರೀ ಸರ. ನಾ ಸೊಲ್ಲಾಪುರದಿಂದ ಮಾತಾಡಾಕತ್ತೀನ್ರೀ. ನೀವು ನಾಕ ಚಾದರ ಬುಕ್ ಮಾಡೀರಲ್ರೀ, ಅದರ ರೇಟ್ ತಪ್ಪಿ ಬಿದ್ದೈತ್ರೀ. ನನ್ನ ಮಗ ಒಂದ ಸೊನ್ನಿ ಬಿಟ್ಟಾನ್ರೀ. ನೀವ ಕ್ಯಾನ್ಸಲ್ ಮಾಡಿದ್ರ ಭಾಳ ಉಪಕಾರ ಆಗ್ತೈತ್ರೀ. ನಾ ಮಾಡಿದ್ರ ನನಗ ದಂಡ ಬೀಳ್ತೈತಿ, ರೇಟಿಂಗ್ ಇಳೀತೈತಿ."

ನಾನೇನು ಹೇಳಿದೆ ಗೊತ್ತಾ? "ಬೆಲೆ ಹಾಕಿದವರು ನೀವು. ನನ್ನ ಹತ್ರ ಸ್ಕ್ರೀನ್‌ಶಾಟ್ ಇದೆ. ಕಳಿಸದಿದ್ರೆ ಕಂಪ್ಲೇಂಟ್ ಕೊಡ್ತೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆತು ಬಿಡ್ರೀ ಸರ" ಅಂದು ಫೋನ್ ಇಟ್ಟರು.

ಐದನೇ ದಿನಕ್ಕೆ ಪಾರ್ಸೆಲ್ ಬಂತು. ನಾಲ್ಕು ಚಾದರ, ನೀಟಾಗಿ ಮಡಚಿ ಕಳಿಸಿದ್ದರು. ನಾನು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಎಲ್ಲರೂ ಚಪ್ಪಾಳೆ, ಬೆಂಕಿ ಎಮೋಜಿ. ಆ ಭಾನುವಾರ ಇದೇ ಜಾಗದಲ್ಲಿ ನಿಂತು ನೆರೆಯವನನ್ನು ಪ್ರೀತಿಸುವುದರ ಬಗ್ಗೆ ಪ್ರಸಂಗ ಮಾಡಿದೆ. ನೀವು ಹಲ್ಲೆಲೂಯಾ ಅಂದಿರಿ.

ಜ್ಞಾನೋಕ್ತಿಗಳು 20:14 ಮನೆಗೆ ಹೋಗಿ ಓದಿ. ಕೊಳ್ಳುವವನು ಅಂಗಡಿಯ ಮುಂದೆ ನಿಂತು ಇದು ಚೆನ್ನಾಗಿಲ್ಲ, ಅದು ಚೆನ್ನಾಗಿಲ್ಲ ಅಂತಾನೆ. ಕೊಂಡುಕೊಂಡು ಆ ಕಡೆ ಹೋದ ಮೇಲೆ ಹೆಚ್ಚಳಪಡ್ತಾನೆ. ಇದು ಆ ವಚನದ ಭಾವ. ಆಗ ಗ್ರೂಪ್ ಇರಲಿಲ್ಲ, ಸ್ಕ್ರೀನ್‌ಶಾಟ್ ಇರಲಿಲ್ಲ, ಮನುಷ್ಯ ಮಾತ್ರ ಇವನೇ. ದೇವರ ವಾಕ್ಯಕ್ಕೆ ನಮ್ಮ ಪರಿಚಯ ಚೆನ್ನಾಗಿದೆ, ಪ್ರಿಯರೇ.

ಎಂಟು ತಿಂಗಳು ನನಗೆ ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ಪ್ರಸಂಗಕ್ಕೆ ತಯಾರಿ ಮಾಡುವಾಗ ಈ ಭಾಗಕ್ಕೆ ಬಂದೆ. 2 ಸಮುವೇಲ 24.

ದಾವೀದ ರಾಜ ಜನರನ್ನ ಎಣಿಸಿದ. ನನ್ನ ಬಲ ಎಷ್ಟು, ನನ್ನ ಸೈನ್ಯ ಎಷ್ಟು ಅಂತ ಲೆಕ್ಕ ಹಾಕಿದ. ಅದು ಪಾಪವಾಯ್ತು, ದೇಶಕ್ಕೆ ವ್ಯಾಧಿ ಬಂತು, 70,000 ಜನ ಸತ್ತರು. ಯೆರೂಸಲೇಮಿನ ಹತ್ತಿರ, ಯೆಬೂಸಿಯನಾದ ಅರೌನನ ಕಣದ ಬಳಿ, ದೇವದೂತನ ಕೈ ನಿಂತಿತು. ಕಣ ಅಂದರೆ ತೆನೆ ಬಡಿಯೋ ಜಾಗ, ನಿಮ್ಮ ಅಜ್ಜನ ಊರಲ್ಲಿ ನೋಡಿರ್ತೀರಿ. ಪ್ರವಾದಿಯಾದ ಗಾದ್ ಬಂದು, ಅಲ್ಲೇ ಯಜ್ಞವೇದಿ ಕಟ್ಟು ಅಂದ.

ದಾವೀದ ಅಲ್ಲಿಗೆ ಹೋದ. ಅರೌನ ಅಡ್ಡಬಿದ್ದು ಏನಂದ? ಕಣ ತಗೊಳ್ಳಿ, ಯಜ್ಞಕ್ಕೆ ಎತ್ತು ತಗೊಳ್ಳಿ, ಸೌದೆಗೆ ತೆನೆ ತುಳಿಸೋ ಹಲಗೆ ಇದೆ, ನೊಗ ಇದೆ, ಎಲ್ಲ ನಿಮಗೇ ಅಂದ. ಫ್ರೀ! ನೂರಕ್ಕೆ ನೂರು ಡಿಸ್ಕೌಂಟ್. ನಾನಾಗಿದ್ದರೆ ಸ್ಕ್ರೀನ್‌ಶಾಟ್ ತೆಗೀತಿದ್ದೆ.

ದಾವೀದ ಬೇಡ ಅಂದ. ಬೆಲೆ ಕೊಟ್ಟೇ ತಗೋತೀನಿ, ನನಗೆ ಏನೂ ಖರ್ಚಿಲ್ಲದ ಯಜ್ಞವನ್ನ ನನ್ನ ದೇವರಿಗೆ ಅರ್ಪಿಸಲ್ಲ ಅಂದ. ಕಣವನ್ನೂ ಎತ್ತುಗಳನ್ನೂ 50 ಶೆಕೆಲ್ ಬೆಳ್ಳಿಗೆ ಕೊಂಡ.

ಇಲ್ಲಿಂದ ಪವಿತ್ರಾತ್ಮನು ನನಗೆ ತೋರಿಸಿದ ಮೂರು ವಿಷಯ ಹೇಳ್ತೀನಿ.

ಮೊದಲನೆಯದು: ಬಿಟ್ಟಿ ಅಂದರೆ ಬೇರೆ ಯಾರೋ ಕೊಟ್ಟಿದ್ದಾರೆ ಅಂತ ಅರ್ಥ.

ಅರೌನ ಕೊಡೋಕೆ ಬಂದಿದ್ದು ಏನು ನೋಡಿ. ಎತ್ತು, ಹಲಗೆ, ನೊಗ. ಅವು ಅವನ ಕೆಲಸದ ಸಾಮಾನು, ಅವನ ಹೊಟ್ಟೆಪಾಡು. ದಾವೀದ ಹೂಂ ಅಂದಿದ್ದರೆ ಮುಂದಿನ ಸುಗ್ಗಿಗೆ ಅರೌನ ಏನು ಮಾಡಬೇಕಿತ್ತು? ಪಾಪ ಮಾಡಿದ್ದು ದಾವೀದ, ಬೆಲೆ ಕಟ್ಟೋದು ಅರೌನನಾ? ದಾವೀದನಿಗೆ ಅದು ಕಾಣಿಸಿತು. ಸೊನ್ನೆ ಬಿಟ್ಟ ತಪ್ಪು ಸೊಲ್ಲಾಪುರದವರದೇ ಇರಬಹುದು. ಆದರೆ ಆ 801 ರೂಪಾಯಿ ಗಾಳಿಯಲ್ಲಿ ಮಾಯ ಆಗಲಿಲ್ಲ. ನನ್ನ ಜೇಬಿಂದ ಹೋಗದೇ ಇದ್ದದ್ದು ಅವರ ಜೇಬಿಂದ ಹೋಯ್ತು. ಕಾನೂನು ಯಾರ ಕಡೆ ಅನ್ನೋದು ಬೇರೆ ಮಾತು. ಆ ಫೋನಿನಲ್ಲಿ ನನ್ನ ನೆರೆಯವನು ಮಾತಾಡ್ತಿದ್ದ, ನಾನು ಅವನನ್ನ ಬರೀ ಒಂದು ಡೀಲ್ ಅಂದುಕೊಂಡೆ.

ಕ್ರಿಸ್ಮಸ್‌ಗೆ ಡ್ರೆಸ್ ತರಿಸಿ, ಟ್ಯಾಗ್ ಒಳಗೆ ಮಡಚಿ, ಆರಾಧನೆಗೆ ಹಾಕ್ಕೊಂಡು ಬಂದು, 27ನೇ ತಾರೀಕು ರಿಟರ್ನ್ ಮಾಡುವವರೇ, ನಾನು ಯಾರ ಕಡೆಗೂ ನೋಡ್ತಾ ಇಲ್ಲ. ರಿಟರ್ನ್ ಫ್ರೀ ಅಂತ ಬರೆದಿರುತ್ತೆ. ಆದರೆ ಅದನ್ನ ತಗೊಂಡು ಹೋಗೋಕೆ ಒಬ್ಬ ತಮ್ಮ ಮೂರನೇ ಮಹಡಿ ಹತ್ತಿ ಬರ್ತಾನೆ, ಅದನ್ನ ವಾಪಸ್ ಪಡೆಯೋ ಸಣ್ಣ ವ್ಯಾಪಾರಿ ಆ ಬಟ್ಟೆಯನ್ನ ಹೊಸದು ಅಂತ ಮಾರೋಕಾಗಲ್ಲ. ಯಾಕೋಬ 5:4ರಲ್ಲಿ ಕೂಲಿಯವರಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ಕೂಗುತ್ತೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬೀಳುತ್ತೆ ಅಂತ ಅಪೊಸ್ತಲ ಹೇಳ್ತಾನೆ. ನಾವು ಉಳಿಸಿದ ದುಡ್ಡಿಗೂ ಬಾಯಿ ಇದೆ, ಪ್ರಿಯರೇ.

ಎರಡನೆಯದು: ಹಣ ಉಳೀತು, ನಾನು ಖರ್ಚಾದೆ.

ದಾವೀದನ ಪಾಪ ಎಣಿಸೋದರಿಂದ ಶುರುವಾಯ್ತು. ನಾವೂ ಎಣಿಸ್ತೀವಿ. ಆರ್ಡರ್ ಮಾಡಿದ ತಕ್ಷಣ ಹಸಿರು ಬಣ್ಣದಲ್ಲಿ ಬರುತ್ತಲ್ಲ, ನೀವು ಇಷ್ಟು ಉಳಿಸಿದಿರಿ ಅಂತ. ಅದನ್ನ ನೋಡಿದಾಗ ಎದೆ ಉಬ್ಬುತ್ತೆ. ಆದರೆ ನಾನು ಇನ್ನೊಂದು ಲೆಕ್ಕ ನೋಡಿದೆ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕ್ರೀನ್ ಟೈಮ್ ತೆಗೆದೆ. ಶಾಪಿಂಗ್ ಆ್ಯಪ್ ಮತ್ತು ಡೀಲ್ ಗ್ರೂಪ್ ಸೇರಿ ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಪ್ರಾರ್ಥನೆಗೆ ಎಷ್ಟು ಕೊಟ್ಟೆ ಅಂತ ಆ ಫೋನು ತೋರಿಸಲ್ಲ, ದೇವರಿಗೆ ಸ್ತೋತ್ರ. ತೋರಿಸಿದ್ದರೆ ಇವತ್ತು ನಾನು ಇಲ್ಲಿ ನಿಲ್ತಾ ಇರಲಿಲ್ಲ. ಹನ್ನೆರಡು ಗಂಟೆಯ ಸೇಲ್‌ಗೆ ಅಲಾರಂ ಇಟ್ಟು ಎದ್ದೆ, ಬೆಳಿಗ್ಗೆ ಐದರ ಪ್ರಾರ್ಥನೆಗೆ ಅದೇ ಅಲಾರಂ ಆಫ್ ಮಾಡಿ ಮಲಗಿದೆ.

ಇದು ನಮ್ಮ ಬಲಹೀನತೆ ಮಾತ್ರ ಅಲ್ಲ, ಹಾಗೆ ಹೆಣೆದ ಬಲೆಯೂ ಹೌದು. 2023ರ ನವೆಂಬರ್‌ನಲ್ಲಿ ನಮ್ಮ ದೇಶದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದಲ್ಲಿ ಬಳಸುವ 13 ಬಗೆಯ ಮೋಸದ ವಿನ್ಯಾಸಗಳನ್ನ ಪಟ್ಟಿ ಮಾಡಿ ನಿಷೇಧಿಸಿತು. 'ಡಾರ್ಕ್ ಪ್ಯಾಟರ್ನ್' ಅಂತಾರೆ. ಆ ಪಟ್ಟಿಯಲ್ಲಿ ಮೊದಲನೆಯದೇ ಸುಳ್ಳು ಅವಸರ. ಎರಡೇ ಪೀಸ್ ಉಳಿದಿದೆ, ಇನ್ನು ನಾಲ್ಕೇ ನಿಮಿಷ ಅಂತ ಇಲ್ಲದ ಆತುರ ಹುಟ್ಟಿಸೋದು. ಕೇಳದೇ ಬುಟ್ಟಿಗೆ ಸಾಮಾನು ಸೇರಿಸೋದು, ಬೇಡ ಅಂದರೆ ನಾಚಿಕೆ ಆಗೋ ಹಾಗೆ ಮಾಡೋದು, ಇವೂ ಅದರಲ್ಲಿವೆ.

ಈಗ ಯಾರಾದರೂ ಕೇಳಬಹುದು: ಪಾಸ್ಟರ್, ನೀವೂ ಅದೇ ಹೇಳ್ತೀರಲ್ಲ? ಇವತ್ತೇ ರಕ್ಷಣೆಯ ದಿನ, ತಡ ಮಾಡಬೇಡಿ ಅಂತ ಮುಂದೆ ಕರೀತೀರಲ್ಲ? ಒಳ್ಳೆ ಪ್ರಶ್ನೆ. ನಾನೂ ಯೋಚಿಸಿದೆ. ಆ್ಯಪ್ ಅವಸರ ಮಾಡೋದು ನೀನು ಯೋಚಿಸಬಾರದು ಅಂತ. ಯೇಸು ಏನು ಮಾಡಿದರು? ಲೂಕ 14ರಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಲಿ ಅಂದರು. ತನ್ನ ಹಿಂದೆ ಬರುವವರಿಗೇ ಬೆಲೆ ಎಷ್ಟು ನೋಡ್ಕೊಳ್ಳಿ ಅಂತ ಹೇಳಿದ ಕರ್ತನು ನಮ್ಮ ಕರ್ತನು. ಶಿಲುಬೆಯ ಹತ್ತಿರ ಎರಡೇ ಪೀಸ್ ಉಳಿದಿಲ್ಲ. ಎಲ್ಲರಿಗೂ ಜಾಗ ಇದೆ. ಆಮೆನ್ ಹೇಳಿ!

ಅರಣ್ಯದಲ್ಲಿ ಮನ್ನ ನಿಜವಾಗಿಯೂ ಬಿಟ್ಟಿಯಾಗಿ ಬೀಳ್ತಿತ್ತು. ವಿಮೋಚನಕಾಂಡ 16. ಆದರೂ ದೇವರು ಆ ದಿನಕ್ಕೆ ಬೇಕಾದಷ್ಟೇ ಕೂಡಿಸಿ ಅಂದ. ಮಾತು ಕೇಳದೆ ಮರುದಿನಕ್ಕೆ ಎತ್ತಿಟ್ಟವರ ಪಾತ್ರೆಯಲ್ಲಿ ಹುಳ ಬಿತ್ತು. ಬಿಟ್ಟಿ ಸಿಕ್ಕಿತು ಅನ್ನೋದು ಕೂಡಿಟ್ಟುಕೊಳ್ಳೋದಕ್ಕೆ ಕಾರಣ ಅಲ್ಲ. ನಮ್ಮ ಅಟ್ಟದ ಮೇಲೆ ಹುಳ ಬಿದ್ದಿರಲಿಲ್ಲ, ಅದಕ್ಕೇ ನಾನು ಅಷ್ಟು ದಿನ ಅದನ್ನ ಗಮನಿಸಲಿಲ್ಲ.

ಮೂರನೆಯದು: ಬಿಟ್ಟಿ ಬುದ್ಧಿ ಆರಾಧನೆಗೂ ಬರುತ್ತೆ.

ದಾವೀದನ ಮಾತು ಅರೌನನ ಬಗ್ಗೆ ಮಾತ್ರ ಅಲ್ಲ, ಅದು ದೇವರ ಬಗ್ಗೆ. ಖರ್ಚಿಲ್ಲದ್ದನ್ನ ನನ್ನ ದೇವರಿಗೆ ಕೊಡಲ್ಲ. ಆರು ದಿನ 'ಎಲ್ಲಿ ಕಡಿಮೆಗೆ ಸಿಗುತ್ತೆ' ಅಂತ ಹುಡುಕಿದ ಮನಸ್ಸು ಏಳನೇ ದಿನ ಬದಲಾಗಲ್ಲ. ಯಾವ ಸಭೆಯಲ್ಲಿ ಆರಾಧನೆ ಬೇಗ ಮುಗಿಯುತ್ತೆ? ಉಪವಾಸ ಮಾಡದೆ ಪ್ರಾರ್ಥನೆಗೆ ಉತ್ತರ ಬರುತ್ತಾ? ಕ್ಷಮೆ ಕೇಳದೆ ಸಮಾಧಾನ ಸಿಗುತ್ತಾ? ಜರ್ಮನಿಯ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ 1937ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನ ಅಗ್ಗದ ಕೃಪೆ ಅಂತ ಕರೆದರು. ಬೈಬಲ್ ಕಾಲೇಜಲ್ಲಿ ಅದನ್ನ ಪರೀಕ್ಷೆಗೆ ಬರೆದು ನಾನು ಒಳ್ಳೆ ಮಾರ್ಕ್ಸ್ ತಗೊಂಡಿದ್ದೆ. ಅವರು ಮಾತ್ರ ಅದಕ್ಕೆ ಬೆಲೆ ಕೊಟ್ಟರು. ಹಿಟ್ಲರನನ್ನ ಎದುರಿಸಿ ನಿಂತರು, 1945ರ ಏಪ್ರಿಲ್‌ನಲ್ಲಿ ಅವರನ್ನ ಗಲ್ಲಿಗೆ ಹಾಕಿದರು.

ಸರಿ, ಈಗ ಸೊಲ್ಲಾಪುರಕ್ಕೆ ವಾಪಸ್ ಬರೋಣ. ಈ ಭಾಗ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹೊದ್ದುಕೊಂಡಿದ್ದು ಅದೇ ಚಾದರ. ಬೆಳಿಗ್ಗೆ ಹಳೆ ಬಿಲ್ ತೆಗೆದೆ. ಅದರಲ್ಲಿದ್ದ ಅಂಗಡಿ ಹೆಸರು ಹುಡುಕಿ ನಂಬರ್ ತಗೊಂಡು ಫೋನ್ ಮಾಡಿದೆ. "ಕಳೆದ ವರ್ಷ 89 ರೂಪಾಯಿಗೆ ನಾಲ್ಕು ಚಾದರ ತಗೊಂಡಿದ್ದೆ, ಬಾಕಿ 3,204 ರೂಪಾಯಿ ಕೊಡಬೇಕು, ನಿಮ್ಮ ಯುಪಿಐ ನಂಬರ್ ಕೊಡಿ" ಅಂದೆ. ಅವರು ಏನಂದರು ಗೊತ್ತಾ? "ಇದ್ಯಾವ ಹೊಸಾ ಫ್ರಾಡ್ ರೀ? ಓಟಿಪಿ ಗೀಟಿಪಿ ಕೇಳಬ್ಯಾಡ್ರೀ!" ಅಂತ ಫೋನ್ ಕಟ್ ಮಾಡಿದರು.

ನಗಿ, ಪರವಾಗಿಲ್ಲ. ನಾನೂ ಆಮೇಲೆ ನಕ್ಕೆ. ಪ್ರಾಮಾಣಿಕತೆ ಫ್ರಾಡ್ ತರಹ ಕಾಣೋ ಕಾಲ ಇದು. ಮೂರನೇ ಸಲ ಮಾಡಿದಾಗ ಅವರ ಮಗ ಫೋನ್ ತಗೊಂಡ, ಬಿಲ್ ನಂಬರ್ ಹೇಳಿದ ಮೇಲೆ ನಂಬಿದ. ದುಡ್ಡು ಕಳಿಸಿದೆ. ಜಕ್ಕಾಯನ ಹಾಗೆ ನಾಲ್ಕರಷ್ಟು ಕೊಡಲಿಲ್ಲ, ಇದ್ದ ಬಾಕಿ ಮಾತ್ರ ಕೊಟ್ಟೆ. ಅದನ್ನ ದೊಡ್ಡ ಸಾಕ್ಷಿ ಅಂತ ಹೇಳ್ಕೊಳ್ಳೋ ಯೋಗ್ಯತೆ ನನಗಿಲ್ಲ.

ಆಮೇಲೆ ಆ ಹಿರಿಯರು ಫೋನ್ ತಗೊಂಡು ಮಾತಾಡಿದರು. ಆ ರಾತ್ರಿ ಒಟ್ಟು 61 ಆರ್ಡರ್ ಬಿದ್ದಿದ್ದವಂತೆ. ಎಲ್ಲರಿಗೂ ಫೋನ್ ಮಾಡಿದ್ದಾರೆ. 19 ಜನ ಪಾಪ ಹೋಗಲಿ ಅಂತ ತಾವಾಗಿ ಕ್ಯಾನ್ಸಲ್ ಮಾಡಿದರಂತೆ. ಆ 19 ಜನರಲ್ಲಿ ಯೇಸುವಿನ ಹೆಸರು ಕೇಳದವರು ಎಷ್ಟು ಜನರೋ. ದೇವರ ಸೇವಕ ಅನ್ನಿಸಿಕೊಂಡ ನಾನು ಆ 19ರಲ್ಲಿ ಇರಲಿಲ್ಲ.

ಕೊನೆಗೆ ಕೇಳಿದರು, "ಈಗ ಯಾಕ ನೆನಪಾತ್ರೀ ಸರ?" ನಾನು ಹೇಳಿದೆ, "ನಾನು ಪಾಸ್ಟರ್. ದೇವರ ವಾಕ್ಯ ಓದುವಾಗ ನೆನಪಾಯ್ತು." ಅವರು ಸ್ವಲ್ಪ ಯೋಚಿಸಿ, ಬೈಯೋ ಧಾಟಿಯಲ್ಲಿ ಅಲ್ಲ, ಸುಮ್ಮನೆ ಕೇಳಿದರು: "ಹಂಗಾರ ಆವಾಗ ಪಾಸ್ಟರ್ ಇರಲಿಲ್ಲೇನ್ರೀ?"

ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಆ ಪ್ರಶ್ನೆಯನ್ನ ನಿಮಗೂ ಕೊಡ್ತೀನಿ. ಆ ಬಟನ್ ಒತ್ತುವಾಗ ನೀವು ವಿಶ್ವಾಸಿ ಆಗಿರಲಿಲ್ವಾ? ಅಜ್ಜಿ ಹೆಸರು ಟೈಪ್ ಮಾಡುವಾಗ? ಹಾಕ್ಕೊಂಡ ಬಟ್ಟೆ ರಿಟರ್ನ್ ಮಾಡುವಾಗ? ಪವಿತ್ರಾತ್ಮನು ಭಾನುವಾರ ಈ ಹಾಲಿಗೆ ಮಾತ್ರ ಇಳಿದು ಬರ್ತಾನಾ, ಅಥವಾ ರಾತ್ರಿ ಹನ್ನೊಂದೂವರೆಗೆ ನಿಮ್ಮ ಫೋನಿನ ಬೆಳಕಿನಲ್ಲೂ ಇರ್ತಾನಾ?

ಪ್ರಿಯರೇ, ನಾನು ನಿಮ್ಮ ಮೇಲೆ ಭಾರ ಹಾಕಿ ಮನೆಗೆ ಕಳಿಸಲ್ಲ. ಸುವಾರ್ತೆ ಕೇಳಿ. ನಾವೇನು? ಡ್ಯಾಮೇಜ್ ಪೀಸ್. ಪಾಪದಿಂದ ಹಾಳಾದವರು, ರಿಟರ್ನ್ ಆಗಬೇಕಾದವರು. ನಮ್ಮನ್ನ ಸೇಲ್‌ನಲ್ಲಿ ಕೊಂಡಿದ್ದರೂ ಯಾರೂ ತಪ್ಪು ಹೇಳ್ತಿರಲಿಲ್ಲ. ಆದರೆ ದೇವರು ಚೌಕಾಸಿ ಮಾಡಲಿಲ್ಲ. ಬೆಳ್ಳಿ ಬಂಗಾರದಿಂದ ಅಲ್ಲ, ಕ್ರಿಸ್ತನ ಅಮೂಲ್ಯ ರಕ್ತದಿಂದ ಬಿಡುಗಡೆಯಾದಿರಿ ಅನ್ನೋದು 1 ಪೇತ್ರ 1ನೇ ಅಧ್ಯಾಯದ ಬೋಧನೆ. ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು ಅಂತ ಪೌಲನು ಕೊರಿಂಥದವರಿಗೆ ನೆನಪಿಸ್ತಾನೆ. ಕೃಪೆ ನಮಗೆ ಉಚಿತ, ಯಾಕಂದರೆ ಬಿಲ್ ಇನ್ನೊಬ್ಬರು ಕಟ್ಟಿದ್ದಾರೆ. ಆ ಬಿಲ್ಲಿನ ಮೇಲೆ ಯಾರ ಹೆಸರಿದೆ ಅಂತ ಗೊತ್ತಿದ್ದವನು ಇನ್ನೊಬ್ಬರ ಬಿಲ್ಲನ್ನ ಹಗುರವಾಗಿ ನೋಡೋಕಾಗಲ್ಲ. ಹಲ್ಲೆಲೂಯಾ!

ದಾವೀದ ಬೆಲೆ ಕೊಟ್ಟ ಆ ಕಣ ಏನಾಯ್ತು ಗೊತ್ತಾ? 2 ಪೂರ್ವಕಾಲ 3:1 ನೋಡಿ. ಅದೇ ಜಾಗದಲ್ಲಿ ಸೊಲೊಮೋನ ದೇವಾಲಯ ಕಟ್ಟಿದ.

ಈ ವಾರ ನಾಲ್ಕು ಕೆಲಸ ಮಾಡಿ. ಒಂದು, ಸ್ಕ್ರೀನ್ ಟೈಮ್ ತೆಗೆದು ನೋಡಿ, ಒಬ್ಬ ಸ್ನೇಹಿತರಿಗೆ ತೋರಿಸಿ. ಎರಡು, ಡೀಲ್ ಗ್ರೂಪುಗಳಿಂದ ಹೊರಗೆ ಬನ್ನಿ. ನಾನು ಏಳು ಗ್ರೂಪ್ ಬಿಟ್ಟೆ, ನಿಮ್ಮಲ್ಲಿ ಕೆಲವರಿಗೆ ಆ ನೋಟಿಫಿಕೇಶನ್ ಬಂದಿರುತ್ತೆ. ಮೂರು, ಏನಾದರೂ ಬೇಕು ಅನ್ನಿಸಿದರೆ ಕಾಗದದ ಮೇಲೆ ಬರೆದು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆಯೂ ಬೇಕಾದರೆ ಬೆಲೆ ಹೋಲಿಸಿ ಸಂತೋಷವಾಗಿ ಕೊಳ್ಳಿ. ನಾಲ್ಕು, ಕಷ್ಟದ್ದು ಇದು. ಯಾರಿಗಾದರೂ ನಿಮ್ಮಿಂದ ಬಾಕಿ ಇದ್ದರೆ ಕೊಟ್ಟುಬಿಡಿ. ಫ್ರಾಡ್ ಅಂದರೂ ಪರವಾಗಿಲ್ಲ, ಇನ್ನೊಂದು ಸಲ ಫೋನ್ ಮಾಡಿ.

ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಮ್ಮನ್ನು ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದಕ್ಕಾಗಿ ಸ್ತೋತ್ರ. ನಮ್ಮ ಕಣ್ಣುಗಳನ್ನು ತೊಳೆ, ಕರ್ತನೇ. ಬೆಲೆಯ ಹಿಂದೆ ಇರುವ ಮನುಷ್ಯರನ್ನು ನೋಡುವ ಕಣ್ಣು ಕೊಡು. ಸೊಲ್ಲಾಪುರದ ಆ ಮನೆಯನ್ನು, ಆ ಮಗನನ್ನು, ಅವರ ಮಗ್ಗಗಳನ್ನು ಆಶೀರ್ವದಿಸು. ಈ ವಾರ ಬಾಕಿ ತೀರಿಸಲು ಹೋಗುವ ನಿನ್ನ ಮಕ್ಕಳಿಗೆ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ, ಆಮೆನ್.